ಗಡಿಯಾರದ ಕಳ್ಳ ಹೆಜ್ಜೆ

ನಮ್ಮ ಅಣ್ಣ ಉಳಿವೆಪ್ಪನಿಗೆ ಮೊಬೈಲಿನಲ್ಲಿ ಅಲಾರಂ ಇಡಲಿಕ್ಕೂ ಬರುವುದಿಲ್ಲ. ಅಂಥವನ ನಿದ್ದೆಯನ್ನು ಎರಡು ತಿಂಗಳು ಕೆಡಿಸಿದ್ದು ಒಂದು ಮೊಬೈಲ್ ಗೇಮು. ಅದೂ ಇನ್ನೂ ಬಿಡುಗಡೆಯೇ ಆಗಿರದ ಗೇಮು. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಕಡೆ ಬೆರಳು ಮಾಡಿ ತೋರಿಸುವ ತ್ರಾಸು ತಗೊಳ್ಳಬೇಕಾಗಿಲ್ಲ.

ನಾನು ಶೈಲಾ. ಬಂಕಾಪುರದ ಬಸ್ ನಿಲ್ದಾಣದ ಎದುರು ಹದಿನಾಲ್ಕು ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ‘ಶೈಲಕ್ಕನ ಅಂಗಡಿಗೆ ಹೋದ್ರ ಫೋನ್ ಚಲೋ ಆಗತೈತಿ, ಕಿವಿ ಕೆಡತಾವು’ ಎಂದು ಜನ ಆಡಿಕೊಳ್ಳುವುದು ನನಗೆ ಗೊತ್ತಿದೆ. ಆಡಿಕೊಳ್ಳಲಿ. ನೀರಿನಲ್ಲಿ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟು ನಾಲ್ಕು ದಿನ ಬಿಟ್ಟು ತರುವವರಿಗೆ ಇನ್ನೇನು ಆರತಿ ಎತ್ತಲೇನು?

ಅಣ್ಣನಿಗೆ ಈಗ ಐವತ್ನಾಲ್ಕು. ಊರ ಹೊರಗೆ ಹೊಲ, ಗೋವಿನಜೋಳ ಹಾಕುತ್ತಾನೆ. ಮನೆಯಲ್ಲಿ ಅವನ ಹೆಂಡತಿ, ನಮ್ಮ ವೈನಿ ಸಾವಂತ್ರವ್ವ ಇದ್ದಾಳೆ. ಅಣ್ಣ ಮಾತು ಕಡಿಮೆ ಮನುಷ್ಯ. ಮದುವೆ ಮನೆಗೆ ಹೋದರೂ ಊಟ ಮಾಡಿ, ಕೈ ತೊಳೆದು, ದನಕ್ಕೆ ನೀರು ಕುಡಿಸುವ ಹೊತ್ತಾಯಿತೆಂದು ಎದ್ದು ಬರುವವನು. ಅವನನ್ನು ನಾಲ್ಕು ತಾಲೂಕಿನ ಜನ ಗುರುತಿಸುವುದು ಅವನ ಹೋರಿಯಿಂದ. ಹೋರಿಯ ಹೆಸರು ಗಡಿಯಾರ. ಕಪ್ಪು ಹಣೆಯ ಮೇಲೆ ದುಂಡಗೆ ಒಂದು ಬಿಳಿ ಮಚ್ಚೆ, ಅದಕ್ಕೇ ಆ ಹೆಸರು.

ನಮ್ಮ ಕಡೆ ದೀಪಾವಳಿ ಎಂದರೆ ಹೋರಿ ಹಬ್ಬ. ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಕೋಡಿಗೆ ಬಲೂನು ಕಟ್ಟಿ, ಜನರ ನಡುವಿನ ಓಣಿಯಲ್ಲಿ ಹೋರಿಯನ್ನು ಬಿಡುತ್ತಾರೆ. ಹಿಡಿಯುವವರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಲಾಗದಿದ್ದರೆ ಹೋರಿ ಗೆದ್ದಂತೆ. ಗಡಿಯಾರದ ಕೊಬ್ಬರಿಗೆ ಒಂಬತ್ತು ವರ್ಷ ಒಬ್ಬರ ಕೈಯೂ ತಾಗಿರಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟು ಅಖಾಡಗಳಿವೆಯೋ ಅಷ್ಟರಲ್ಲೂ ಓಡಿತ್ತು. ಅಣ್ಣನ ಇಡೀ ಬಾಳಿನಲ್ಲಿ ಅವನದು ಅಂತ ಹೇಳಿಕೊಳ್ಳುವ ಮಾತು ಇದೊಂದೇ. ಅದನ್ನೂ ಅವನು ಹೇಳಿಕೊಳ್ಳುವುದಿಲ್ಲ, ಉಳಿದವರು ಹೇಳುತ್ತಾರೆ.

ಹೋರಿ ಬಿಡುವಾಗ ಅಣ್ಣ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದ. ಅಖಾಡದ ಬಾಗಿಲಿನಿಂದ ನಾಲ್ಕೈದು ಮಾರು ಮುಂದೆ, ಹೋರಿಯ ಎಡಕ್ಕೆ, ಹೆಗಲ ಮೇಲೆ ಕೆಂಪು ಟವೆಲ್. ಅದೇನೋ ಹರಕೆ ಇರಬೇಕು ಎಂದು ಜನ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಹೋದ ವರ್ಷ ಯುಗಾದಿಗೆ ಆ ಗೇಮಿನ ಸುದ್ದಿ ಬಂತು. ಹುಬ್ಬಳ್ಳಿಯಲ್ಲಿ ನಾಲ್ಕು ಜನ ಹುಡುಗ ಹುಡುಗಿಯರು ಕೂಡಿ ‘ಕೊಬ್ಬರಿ ಅಖಾಡ’ ಎಂಬ ಗೇಮು ಮಾಡುತ್ತಿದ್ದಾರಂತೆ, ನಮ್ಮ ಕಡೆಯ ಹನ್ನೆರಡು ಖರೇ ಹೋರಿಗಳು ಅದರಲ್ಲಿ ಇರುತ್ತವಂತೆ. ಬೇಸಿಗೆಯಲ್ಲಿ ಆ ನಾಲ್ವರಲ್ಲಿ ಒಬ್ಬಳು, ನೇತ್ರಾ ಎಂಬ ಹಿರೇಕೆರೂರು ಕಡೆಯ ಹುಡುಗಿ, ಬ್ಯಾಗು ಹೊತ್ತುಕೊಂಡು ನೇರ ನನ್ನ ಅಂಗಡಿಗೆ ಬಂದಳು.

“ಅಕ್ಕಾರ, ಗಡಿಯಾರದ ಮಾಲಕರು ನಿಮ್ಮ ಅಣ್ಣಾರಂತಲ್ರಿ? ನಮ್ಮನ್ನ ಕೊಟ್ಟಿಗಿಗೆ ಬಿಡತಾರೇನ್ರಿ?”

ನನಗೂ ಹೆಮ್ಮೆ ಎನಿಸಿತು ನೋಡಿ. ನಮ್ಮ ಮನೆಯ ಹೋರಿ ಗೇಮಿನಲ್ಲಿ ಬರುತ್ತದೆ ಎಂದರೆ ಯಾರಿಗೆ ಬೇಡ? ಶಟರ್ ಎಳೆದು ನಾನೇ ಕರೆದುಕೊಂಡು ಹೋದೆ.

ಮೂರು ದಿನ ಆ ಹುಡುಗಿ ಕೊಟ್ಟಿಗೆಯಲ್ಲೇ ಕೂತಳು. ಗಡಿಯಾರದ ಕೊರಳಲ್ಲಿ ಜೋಲುವ ಗಂಗೆದೊಗಲು, ಕೋಡಿನ ಬಾಗು, ಬಾಲದ ಕುಚ್ಚು ಎಲ್ಲವನ್ನೂ ಫೋಟೋ ತೆಗೆದಳು. ಮೂರನೇ ದಿನ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಅಯ್ಯ ನನ್ನವ್ವ, ಪರದೆಯ ಮೇಲೆ ನಿಂತಿದ್ದು ನಮ್ಮ ಗಡಿಯಾರವೇ! ಹಣೆಯ ಮಚ್ಚೆಯ ಅಂಚಿನಲ್ಲಿ ಒಂದು ಕಡೆ ಚೂರು ಒಡೆದಂತಿದೆ, ಅದೂ ಬಂದಿತ್ತು. ಅಣ್ಣ ಬಾಯಿ ತೆರೆದುಕೊಂಡು ನೋಡಿದ. ಆಮೇಲೆ ಅವಳು ಅದನ್ನು ಓಡಿಸಿದಳು. ಅಣ್ಣನ ಮುಖ ಕಿವುಚಿಕೊಂಡಿತು.

“ಹಂಗ ಓಡೂದಿಲ್ಲವಾ ಅದು.”

“ಮತ್ತ ಹ್ಯಾಂಗ್ರಿ ಕಾಕಾ?”

ಇಲ್ಲಿ ಒಂದು ಮಾತು ಹೇಳಬೇಕು. ಪ್ರತಿ ಹೋರಿಗೂ ಓಟದಲ್ಲಿ ಒಂದು ಐಬು ಇರುತ್ತದೆ. ಯಾವುದೋ ಒಂದು ಕಡೆ ಅರೆಗಳಿಗೆ ತಡೆಯುತ್ತದೆ, ಇಲ್ಲವೇ ಬೆದರುತ್ತದೆ. ಸಾಕುವವರು ಅದಕ್ಕೆ ಕಳ್ಳ ಹೆಜ್ಜೆ ಎನ್ನುತ್ತಾರೆ. ತಮ್ಮ ಹೋರಿಯ ಕಳ್ಳ ಹೆಜ್ಜೆಯನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ. ಕುಡಿದು ಬಿದ್ದರೂ ಹೇಳುವುದಿಲ್ಲ. ಅದು ಗೊತ್ತಾದರೆ ಆ ಹೋರಿಯ ಕಥೆ ಮುಗಿದಂತೆ.

ನಮ್ಮ ಅಣ್ಣ, ಇಡೀ ಜನ್ಮದಲ್ಲಿ ಮಾತು ತೂಕ ಮಾಡಿ ಆಡಿದವನು, ಆವತ್ತು ಎದ್ದು ನಿಂತ. ಎರಡೂ ಕೈಯನ್ನು ಕೋಡಿನ ಹಾಗೆ ತಲೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಓಡಿ ತೋರಿಸಿದ. “ನೋಡು, ಬಾಗಲಾ ದಾಟಿ ಮೂರ ಹೆಜ್ಜಿ ಧಡಧಡ. ನಾಕನೇದ್ದು ಗಿಡ್ಡ ಇಡತೈತಿ. ಆವಾಗ ಕುತ್ತಿಗಿ ಹಿಂಗ ಎಡಕ್ಕ ಹೊಳ್ಳತೈತಿ. ಇಷ್ಟ, ಕಣ್ಣ ಮುಚ್ಚಿ ತಗದಷ್ಟ. ಆಮ್ಯಾಲ ಬಿಡು, ದೇವ್ರ ಬಂದ್ರೂ ಸಿಗೂದಿಲ್ಲ.” ನೇತ್ರಾ ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ವೈನಿ ಮಾತ್ರ ಕಾಳು ಕೇರುವ ಮೊರ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. “ಮದವ್ಯಾಗಿ ಮೂವತ್ತ ವರ್ಷ ಆತು. ನನಗ ಹೇಳಿದ್ದಿಲ್ಲ ನೋಡ ಇದನ್ನ,” ಎಂದಳು, ಸಿಟ್ಟಿನಿಂದಲೇ.

ಅಣ್ಣನ ಕಿವಿಗೆ ಅದು ಬಿದ್ದಿತೋ ಇಲ್ಲವೋ. ತನ್ನ ಹೋರಿ ಅಷ್ಟು ಚೆಂದ ಬಂದಿದೆ, ಓಟ ಮಾತ್ರ ತಪ್ಪಿದೆ ಎಂಬುದನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ, ಅಷ್ಟೇ.

ಶ್ರಾವಣಕ್ಕೆ ಗೇಮಿನ ಪೋಸ್ಟರ್ ಬಂತು ನೋಡಿ, ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಪೋಸ್ಟರಿನಲ್ಲಿ ಹೋರಿಗಳ ಮುಖ ಇಲ್ಲ, ಬರೇ ಹನ್ನೆರಡು ನೆರಳು. ಯಾವ ನೆರಳು ಯಾರದು ಎಂದು ನಾಲ್ಕು ತಾಲೂಕು ಜಗಳಕ್ಕೆ ಬಿತ್ತು. ಎಲ್ಲಕ್ಕಿಂತ ಮುಂದಿರುವ ದೊಡ್ಡ ನೆರಳು ತಮ್ಮ ಹೋರಿ ‘ಆಡೂರ ಶಾಸನ’ದ್ದು ಎಂದು ಹಾನಗಲ್ಲಿನವರು. ಅಲ್ಲ, ಅದು ‘ಸವಣೂರ ಖಾರಾ’ ಎಂದು ಸವಣೂರಿನವರು. ಕಣ್ಣು ಒಡೆದಿವೆಯೇನು, ಅದು ಗಡಿಯಾರ ಎಂದು ನಮ್ಮವರು. ಒಬ್ಬ ಪುಣ್ಯಾತ್ಮ ಶಾಲೆಯ ಕೋನಮಾಪಕ ತಂದು ನನ್ನ ಗಾಜಿನ ಟೇಬಲ್ ಮೇಲೆ ಫೋನಿಟ್ಟು ಕೋಡಿನ ಬಾಗು ಅಳೆದ. ಅಳೆದದ್ದು ತನ್ನ ಹೋರಿಗೆ ಹೊಂದಲಿಲ್ಲ ಎಂದು ಕೋನಮಾಪಕವನ್ನೇ ಬೈದ.

ಗಣೇಶ ಚೌತಿಗೆ ಬಿಡುಗಡೆ ಎಂದಿದ್ದರು. ಚೌತಿಗೆ ಎರಡು ದಿನ ಇರುವಾಗ ದಸರೆಗೆ ಎಂದರು. ನನ್ನ ಅಂಗಡಿಯ ಮುಂದೆ ಸೂತಕ. ಡಿಗ್ರಿ ಮುಗಿಸಿದ ಗಂಡಸರು ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದರು. ಯಾರೋ ಹಳೇ ವಿಡಿಯೋಕ್ಕೆ ಢೋಲಿನ ಸದ್ದು ಕೂಡಿಸಿ ‘ಕೊಬ್ಬರಿ ಅಖಾಡ ಖರೇ ಟ್ರೇಲರ್’ ಎಂದು ಬಿಟ್ಟರು, ಅದನ್ನು ನಂಬಿ ನಲವತ್ತು ಸಾವಿರ ಜನ ನೋಡಿದರು. ಗೇಮು ಮಾಡುವವರ ಆಫೀಸಿನಲ್ಲಿ ರಾತ್ರಿಯೂ ದೀಪ ಉರಿಯುತ್ತಿದೆ, ಅಂದರೆ ಇನ್ನು ಹದಿನೈದೇ ದಿನ ಎಂದು ಒಬ್ಬ ಲೆಕ್ಕ ಹಾಕಿದ. ದಸರೆಯೂ ಹೋಯಿತು. ಕಡೆಗೆ ‘ದೀಪಾವಳಿಗೆ ಹತ್ತು ದಿನ ಮುಂಚೆ, ಇನ್ನು ತಪ್ಪಿಸುವುದಿಲ್ಲ’ ಎಂದು ತಾರೀಕು ಕೊಟ್ಟರು.

ಈ ಗದ್ದಲಕ್ಕೆಲ್ಲ ತಿದಿ ಒತ್ತುತ್ತಿದ್ದವನು ಹಾನಗಲ್ಲಿನ ಫಕ್ಕೀರೇಶ. ಹಗಲು ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ, ಸಂಜೆ ಯೂಟ್ಯೂಬಿನಲ್ಲಿ ಗೇಮಿನ ಚಾನೆಲ್. ಆಡೂರ ಶಾಸನದ ಕಟ್ಟಾ ಅಭಿಮಾನಿ, ತಾನೂ ಹೋರಿ ಹಿಡಿಯುವ ಗಟ್ಟಿಗ. ಗಡಿಯಾರಕ್ಕೆ ಮೂರು ಸಲ ಕೈ ಹಾಕಿ ಮೂರು ಸಲವೂ ಮಣ್ಣು ಮುಕ್ಕಿದ್ದ. ದಸರೆಗೂ ಮೊದಲು, ಚೌತಿ ಮುಗಿದ ಭಾದ್ರಪದದ ಒಂದು ಮಧ್ಯಾಹ್ನ ಬ್ಯಾಟರಿ ಹಾಕಿಸಲು ನನ್ನ ಅಂಗಡಿಗೆ ಬಂದವನು ಅಲ್ಲಿಂದಲೇ ಇನ್ನೊಂದು ಫೋನಿನಲ್ಲಿ ಲೈವ್ ಶುರು ಹಚ್ಚಿದ.

“ದೋಸ್ತರ, ಒಳಗಿನ ಸುದ್ದಿ ಸಿಕ್ಕೈತಿ! ಗೇಮಿನಾಗ ಒಂದೊಂದ ಹೋರಿಗೂ ಅದರದ್ದ ಕಳ್ಳ ಹೆಜ್ಜಿ ಇಟ್ಟಾರಂತ! ಮಾಲಕರಿಂದನ ಕೇಳಿ ತಗೊಂಡಾರಂತ! ಅದನ್ನ ಹುಡುಕಿದವಂಗ ಹೋರಿ ಸಿಗತೈತಿ!”

ಅಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಫಕ್ಕೀರೇಶ ಹೋದ ಮೇಲೂ ಅಣ್ಣ ಏಳಲಿಲ್ಲ. ಚಹಾ ಕೆನೆಗಟ್ಟಿತು.

“ಶೈಲಾ, ಆ ಹುಡಿಗಿ ನಾ ಹೇಳಿದ್ದನ್ನ ಅದರಾಗ ಹಾಕಿರತಾಳ?”

“ಹಾಕದ ಮತ್ತೇನ ಮಾಡತಾಳಣ್ಣಾ? ಅದಕ್ಕ ಕೇಳಿದ್ದಲ್ಲ ಅಕಿ?”

“ನಾ ಅದನ್ನ ಫೋಟೋ ಇದ್ದಂಗ ಅಂತ ತಿಳ್ಕೊಂಡಿದ್ದೆ,” ಎಂದ. “ಗ್ವಾಡಿಗಿ ಹಚ್ಚಿ ನೋಡೂದು ಅಂತ.”

ಆಗ ಮೊದಲ ಸಲ ಅವನು ನನಗೆ ಅಖಾಡದಲ್ಲಿ ತಾನು ನಿಲ್ಲುವ ಆ ಜಾಗದ ಗುಟ್ಟು ಬಿಟ್ಟುಕೊಟ್ಟ. ಹೋರಿ ತಲೆ ತಿರುಗಿಸುವ ಆ ಒಂದು ಗಳಿಗೆಯಲ್ಲಿ ಎಡಗಡೆ ನಿಂತವನಿಗೆ ಕೊಬ್ಬರಿ ಕೈಗೇ ಬರುತ್ತದೆ. ಬೇರೆ ಯಾರೂ ಅಲ್ಲಿ ನಿಲ್ಲಬಾರದೆಂದು ಒಂಬತ್ತು ವರ್ಷ ತಾನೇ ಅಲ್ಲಿ ನಿಂತಿದ್ದ. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಕಾವಲು.

ನಾನು ನೇತ್ರಾಗೆ ಫೋನು ಹಚ್ಚಿದೆ. ನಾಲ್ಕು ದಿನ ಎತ್ತಲಿಲ್ಲ. ಐದನೇ ದಿನ ಎತ್ತಿದಾಗ ಅವಳ ದನಿ ನಿದ್ದೆಯಿಲ್ಲದೆ ಬಿದ್ದುಹೋಗಿತ್ತು. ನಾನು ಎಷ್ಟು ಬೈಯಬೇಕೆಂದಿದ್ದೆನೋ ಅದರ ಅರ್ಧವೂ ಬೈಯಲಾಗಲಿಲ್ಲ.

“ಅಕ್ಕಾರ, ಈಗ ಅದನ್ನ ತಗದ್ರ ಇಡೀ ಓಟಾನ ಬಿಚ್ಚಿ ಹೊಸಾದಾಗಿ ಕಟ್ಟಬೇಕಾಗತೈತ್ರಿ. ತಾರೀಕ ಆಗಲೆ ಒಮ್ಮೆ ತಪ್ಪಿಸೇವಿ. ಹಿಂಗ ತಪ್ಪಿಸಕೋತ ಹೋದ್ರ ಜನಾ ನಮ್ಮನ್ನ ಹರಕೊಂಡ ತಿಂತಾರ. ಹನ್ನೆರಡ ಹೋರ್ಯಾಗ ಗಡಿಯಾರನ ಎಲ್ಲಾಕಿಂತ ಚಲೋ ಬಂದೈತ್ರಿ. ಕಾಕಾ ಖುಷಿ ಪಡತಾರ ಅಂತ ಅಂದ್ಕೊಂಡಿದ್ದೆ.”

ಅಣ್ಣನಿಗೆ ಹೇಳಿದೆ. ಅವನು ಗೋಣು ಹಾಕಿದ. “ಉಳದ ಹನ್ನೊಂದ ಮಂದಿ ಸುಳ್ಳ ಹೇಳಿರತಾರ. ಯಾರ ಖರೆ ಹೇಳತಾರ? ನಾ ಒಬ್ಬ ಸಿಕ್ಕ್ನಿ ಹುಚ್ಚ.”

“ಹಂಗಾರ ಈ ವರ್ಷ ಹೋರಿ ಬಿಡೂದ ಬ್ಯಾಡ,” ಎಂದೆ.

“ಬಿಡಲಿಲ್ಲಂದ್ರ ನಾ ಹೆದರೇನಿ ಅಂತ ಆತು. ಹೆದರೇನಿ ಅಂದ್ರ ಅದು ಖರೇನ ಐತಿ ಅಂತ ಆತು.”

ಅಷ್ಟರಲ್ಲಿ ಗಡಿಯಾರ ಅಭಿಮಾನಿ ಬಳಗದವರು ಹೆದ್ದಾರಿಯ ಪಕ್ಕ ಇಪ್ಪತ್ತಡಿ ಬ್ಯಾನರ್ ಕಟ್ಟಿಯೂ ಆಗಿತ್ತು. ‘ಹತ್ತನೇ ವರ್ಷಕ್ಕೆ ಸಿದ್ಧ’ ಎಂದು ಬರೆದು ಕೆಳಗೆ ಅಣ್ಣನ ಫೋಟೋ ಹಾಕಿದ್ದರು. ಫೋಟೋದಲ್ಲಿ ಅಣ್ಣ ನಗುತ್ತಿದ್ದ.

ಆವತ್ತಿನಿಂದ ಅಣ್ಣ ಅನ್ನ ಬಿಟ್ಟ. ಗಡಿಯಾರದ ಆ ಹೆಜ್ಜೆಯನ್ನೇ ಬಿಡಿಸುತ್ತೇನೆಂದು ಹಟ ಹಿಡಿದ. ದಿನಾ ಬೆಳಗ್ಗೆ ಹಿತ್ತಲ ಓಣಿಯಲ್ಲಿ ಕಟ್ಟಿಗೆಯ ಬಾಗಿಲು ನಿಲ್ಲಿಸಿ, ವೈನಿಯ ಕೈಯಿಂದ ಹೋರಿ ಬಿಡಿಸಿ, ತಾನು ಎಡಕ್ಕೆ ನಿಂತು “ಹೋಯ್!” ಎಂದು ಗದರಿಸುವುದು. ಹೋರಿ ಮೂರು ಹೆಜ್ಜೆ ಹಾಕುತ್ತಿತ್ತು, ನಾಲ್ಕನೆಯದನ್ನು ಗಿಡ್ಡ ಇಡುತ್ತಿತ್ತು, ತಲೆ ಎಡಕ್ಕೆ ತಿರುಗುತ್ತಿತ್ತು. ಮತ್ತೆ ಬಿಡಿಸುವುದು, ಮತ್ತೆ ಅದೇ. ಒಂದು ದಿನ ಸಿಟ್ಟಿಗೆದ್ದು ಟವೆಲ್ಲಿನಿಂದ ಅದರ ಮುಖಕ್ಕೆ ಹೊಡೆದ. ಒಂಬತ್ತು ವರ್ಷದಲ್ಲಿ ಅದರ ಮೇಲೆ ಕೈ ಎತ್ತಿದವನಲ್ಲ. ಹೋರಿ ಹೊಡೆಸಿಕೊಂಡು ಅಲ್ಲೇ ನಿಂತಿತು. ಅಣ್ಣ ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತ.

“ಎಷ್ಟ ಬೆದರಿಸಿದ್ರೂ ಹಂಗ ಮಾಡತೈತೆವಾ. ನಾ ಮುಂದ ನಿಂತಷ್ಟೂ ಹಂಗ ಮಾಡತೈತಿ,” ಎಂದ.

ವೈನಿ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಆಕೆ ಬಾಯಿ ಬಿಟ್ಟು ಅಂದಿದ್ದರೆ ನಾಲ್ಕು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದೆ.

ಬಿಡುಗಡೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಎಂದಿದ್ದರು. ಹತ್ತಕ್ಕೇ ನನ್ನ ಅಂಗಡಿಯ ಮುಂದೆ ಹೆಜ್ಜೆ ಇಡಲು ಜಾಗ ಇಲ್ಲ. ಬೈಕುಗಳು ರಸ್ತೆಗೆ ಬಂದು ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. “ಐದು, ನಾಕು, ಮೂರು” ಎಂದು ಎಲ್ಲರೂ ಕೂಡಿ ಕೂಗಿದರು. ಹನ್ನೊಂದಾಯಿತು. ನೆಟ್‌ವರ್ಕ್ ಕೂತುಬಿಟ್ಟಿತು. ಅಷ್ಟು ಜನ ಅಷ್ಟು ಫೋನುಗಳನ್ನು ಮುಗಿಲಿಗೆ ಎತ್ತಿ ಹಿಡಿದು ನಿಂತದ್ದನ್ನು ನೋಡಿ, ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆವತ್ತು ನೆಟ್‌ವರ್ಕ್ ಇನ್ನು ಬರುವುದೇ ಬೇಡ ಎಂದು ಮನಸ್ಸಿನಲ್ಲಿ ಕೈ ಮುಗಿದೆ. ಹನ್ನೊಂದೂಕಾಲಿಗೆ ಬಂತು.

ಅಣ್ಣ ಮಧ್ಯಾಹ್ನ ಬಂದ. ಬರಬೇಡ ಎಂದಿದ್ದೆ, ಆದರೂ ಬಂದ. ಶಾಹೀನ ಎಂಬ ನರ್ಸಿಂಗ್ ಓದುವ ಹುಡುಗಿ ಫೋನಿಗೆ ಗಾಜು ಹಾಕಿಸಿಕೊಂಡು, ಅಲ್ಲೇ ಕೂತು ಆಡಿ ನೋಡುತ್ತಿದ್ದಳು. ಅಣ್ಣ ಅವಳ ಹಿಂದೆ ನಿಂತು ನೋಡಿದ. ಪರದೆಯ ಮೇಲೆ ಗಡಿಯಾರ ಬಾಗಿಲಿನಿಂದ ಬಂತು. ಮೂರು ಹೆಜ್ಜೆ. ಒಂದು ಗಿಡ್ಡ ಹೆಜ್ಜೆ. ಹುಡುಗಿ ಹೆಬ್ಬೆರಳು ಒತ್ತಿದಳು. ಕೊಬ್ಬರಿ ಹರಿದು ಬಿತ್ತು, ಪಟಾಕಿ ಸಿಡಿದವು.

“ಎಡಕ್ಕೇನವಾ?” ಎಂದು ಅಣ್ಣ ಮೆಲ್ಲಗೆ ಕೇಳಿದ.

“ಹ್ಞೂಂ ರಿ ಅಂಕಲ್, ಎಡಕ್ಕ. ಭಾಳ ಸರಳ ಐತ್ರಿ ಇದು. ಶಾಸನ ಭಾಳ ಬಿರಿ ಐತಿ, ಯಾರಿಗೂ ಸಿಗವಲ್ದು.”

ಪಾಪ, ಆ ಹುಡುಗಿಗೇನು ಗೊತ್ತು. ಅಣ್ಣ “ಚಲೋ ಆಡಿದಿ” ಎಂದು ಹೇಳಿ ಹೊರಗೆ ಹೋದ. ಸಂಜೆಯೊಳಗೆ ಫಕ್ಕೀರೇಶನ ವಿಡಿಯೋ ಬಂತು: ‘ಒಂಬತ್ತು ವರ್ಷದ ಗಡಿಯಾರ ಮೂರು ಸೆಕೆಂಡಿಗೆ ನಿಂತಿತು!’

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಗೇಮು ಗೇಮೇ, ಹೋರಿ ಹೋರಿಯೇ ಎಂದು ಸುಮಾರು ಜನ ಅನ್ನುತ್ತಲೂ ಇದ್ದರು. ಆದರೆ ನೆರಳಿನ ಕೋಡು ಅಳೆಯುವ ಮಂದಿ ಇವರು, ಬಿಡುತ್ತಾರೆಯೇ? ಎರಡೇ ದಿನದಲ್ಲಿ ಫಕ್ಕೀರೇಶ ಒಂಬತ್ತು ವರ್ಷದ ಹಳೇ ವಿಡಿಯೋಗಳನ್ನೆಲ್ಲ ಹುಡುಕಿ ತೆಗೆದ. ಒಂದೊಂದನ್ನೂ ನಿಧಾನ ಮಾಡಿ, ತಲೆ ತಿರುಗುವ ಕಡೆ ದುಂಡಗೆ ಗೆರೆ ಎಳೆದು ತೋರಿಸಿದ. ಎಲ್ಲದರಲ್ಲೂ ಎಡಕ್ಕೇ. ಆಮೇಲೆ ಇನ್ನೊಂದು ಗೆರೆ ಎಳೆದ, ಕೆಂಪು ಟವೆಲ್ಲಿನ ಸುತ್ತ.

“ಈ ಮನಿಷಾನ್ನ ನೋಡ್ರಿ ದೋಸ್ತರ. ಪ್ರತಿ ಸಲ ಅದ ಜಾಗಾದಾಗ. ಹರಕಿ ಅಂತ ನಮಗ ಟೋಪಿ ಹಾಕ್ಯಾರ. ಇದು ಹರಕಿ ಅಲ್ಲ, ಕಾವಲ! ಈ ದೀಪಾವಳಿಗೆ ಆ ಜಾಗಾದಾಗ ನಾ ನಿಂದರ್ತೇನಿ!”

ನಿಜ ಹೇಳುತ್ತೇನೆ, ಆ ಫೋನನ್ನು ಒಡೆದು ಹಾಕಬೇಕೆನಿಸಿತು. ಆದರೆ ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ.

ಹಬ್ಬದ ಮಾರನೇ ದಿನ ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ ಅಖಾಡ. ಅಣ್ಣ ಬೆಳಗ್ಗೆ ಹೋರಿಯ ಮೈ ತೊಳೆದ, ಕೋಡಿಗೆ ಎಣ್ಣೆ ಹಚ್ಚಿದ, ಕೊಬ್ಬರಿ ಹಾರವನ್ನು ತಾನೇ ಕಟ್ಟಿದ. ಮೂರು ಸಲ ಬಿಚ್ಚಿ ಕಟ್ಟಿದ.

ನಾವು ಅಖಾಡ ಮುಟ್ಟುವಷ್ಟರಲ್ಲಿ ಬಾಗಿಲಿನ ಎಡಗಡೆ ತುಂಬಿಹೋಗಿತ್ತು. ನಲವತ್ತು ಐವತ್ತು ಜನ, ಬೆಳಕು ಹರಿಯುವ ಮೊದಲೇ ಬಂದು ನಿಂತವರು. ಎಲ್ಲರಿಗಿಂತ ಮುಂದೆ, ಸರಿಯಾಗಿ ಅಣ್ಣನ ಜಾಗದಲ್ಲಿ ಫಕ್ಕೀರೇಶ. ಬಲಗಡೆ ನೋಡಿದರೆ ಹತ್ತು ಜನ ಇಲ್ಲ. ಅಣ್ಣ ಎಡಕ್ಕೆ ಹೋಗಿ ಹೆಗಲು ತೂರಿಸಿದ. ಅಖಾಡದಲ್ಲಿ ಮೊದಲು ನಿಂತವನದೇ ಜಾಗ, ಅದು ನೇಮ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಫಕ್ಕೀರೇಶ ಬಾಗಿ ಕೈ ಮುಗಿದೇ ಹೇಳಿದ:

“ಅಣ್ಣಾರ, ಒಂಬತ್ತ ವರ್ಷ ನೀವು ನಿಂತ್ರಿ. ಇವತ್ತ ಆ ಕಡಿ ನಿಂದರ್ರಿ.”

ಅಣ್ಣ ಓಣಿ ದಾಟಿ ಬಲಗಡೆಗೆ ಬಂದು ನನ್ನ ಪಕ್ಕ ನಿಂತ. ಅವನ ಮೈ ಬಿಸಿ ನನಗೆ ತಾಗುತ್ತಿತ್ತು, ಜ್ವರ ಬಂದವರ ಹಾಗೆ. “ನಡೀ ಅಣ್ಣಾ, ಹೋರಿ ಹೊಳ್ಳಿ ಹೊಡಕೊಂಡ ಹೋಗೂಣು, ಯಾರ ಏನರ ಅನ್ನಲಿ,” ಎಂದು ನಾನು ಅಳುತ್ತಲೇ ಹೇಳಿದೆ. ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕೂಗಿಯಾಗಿತ್ತು.

ಬಾಗಿಲು ತೆರೆಯಿತು. ಒಂದು ಹೆಜ್ಜೆ, ಎರಡು, ಮೂರು. ನೆಲ ಅದುರಿತು. ಎಡಗಡೆಯ ಅಷ್ಟೂ ಕೈಗಳು ಒಮ್ಮೆಲೇ ಮುಂದೆ ಬಂದವು. ನಾಲ್ಕನೇ ಹೆಜ್ಜೆಯನ್ನು ಗಡಿಯಾರ ಗಿಡ್ಡ ಇಟ್ಟಿತು. ತಲೆ ತಿರುಗಿತು.

ಬಲಕ್ಕೆ ತಿರುಗಿತು. ಆ ಬಿಳಿ ಮಚ್ಚೆ, ಆ ಎರಡು ಕಣ್ಣು ನೇರ ನಮ್ಮ ಕಡೆಗೆ ಬಂದವು. ನನ್ನನ್ನಲ್ಲ, ಅಣ್ಣನನ್ನು ನೋಡಿತು. ಕಣ್ಣು ಮುಚ್ಚಿ ತೆರೆದಷ್ಟು ಹೊತ್ತು. ಆಮೇಲೆ ಬಾಣದ ಹಾಗೆ ಹೋಗಿಬಿಟ್ಟಿತು, ಕೊಬ್ಬರಿ ಸಮೇತ. ಎಡಗಡೆಯವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಎಲ್ಲರ ಕೆಳಗೆ ಫಕ್ಕೀರೇಶ.

ನಮ್ಮ ಬಳಗದವರು ಟೋಪಿ, ಟವೆಲ್ ಎಲ್ಲ ಮೇಲಕ್ಕೆ ಹಾರಿಸಿ ಕುಣಿದರು. ಅಣ್ಣ ನೆಲಕ್ಕೆ ಕುಸಿದು ಕೂತ. ಎದೆಗೇನೋ ಆಯಿತೆಂದು ನಾನು ಹೆದರಿ ಭುಜ ಹಿಡಿದು ಅಲ್ಲಾಡಿಸಿದೆ.

“ನನ್ನ ನೋಡತಿತ್ತ ಶೈಲಾ,” ಎಂದ. “ಐಬ ಅಲ್ಲ ಅದು. ನಾ ಎಲ್ಲಿ ಅದೇನಿ ಅಂತ ನೋಡತಿತ್ತು. ನೋಡಿ ಧೈರ್ಯ ಮಾಡಕೊಂಡ ಓಡತಿತ್ತು. ನಾ ಅದಕ್ಕ ಕಳ್ಳ ಹೆಜ್ಜಿ ಅಂದೆ. ಮುಖದ ಮ್ಯಾಲ ಹೊಡದೆ.”

ಗೆದ್ದ ಹೋರಿಯ ಮೆರವಣಿಗೆಗೆ ಅವನು ಬರಲಿಲ್ಲ. ಗಡಿಯಾರವನ್ನು ಹಗ್ಗ ಹಿಡಿದು ನಡೆಸಿಕೊಂಡೇ ಬಂಕಾಪುರದವರೆಗೆ ತಂದ. ಮನೆಗೆ ಬಂದು ಕೊಬ್ಬರಿ ಬಿಚ್ಚಿ ವೈನಿಯ ಕೈಗೆ ಕೊಟ್ಟು, “ಇನ್ನ ಇದನ್ನ ಬಿಡೂದಿಲ್ಲ,” ಎಂದ. “ಅಷ್ಟ ಮಂದ್ಯಾಗ ಹೆದರಿ ನನ್ನ ಹುಡುಕೂ ಜೀವಾ ಅದು. ಇನ್ನ ಸಾಕು.” ಅದಕ್ಕೇ ನಾನು ಇದನ್ನೆಲ್ಲ ಈಗ ಬಾಯಿಬಿಟ್ಟು ಹೇಳುತ್ತಿರುವುದು. ಗಡಿಯಾರ ಈಗ ಅಖಾಡಕ್ಕೆ ಇಳಿಯುವುದಿಲ್ಲ. ಹಿತ್ತಲಲ್ಲಿ ಹುಲ್ಲು ತಿಂದುಕೊಂಡಿದೆ.

ಗೇಮಿನ ಕಥೆ ಕೆಟ್ಟಿತು. ‘ಗಡಿಯಾರದ ಓಟ ಪೂರಾ ಸುಳ್ಳು’ ಎಂದು ಜನ ಒಂದೊಂದೇ ಸ್ಟಾರ್ ಕೊಟ್ಟರು. ಫಕ್ಕೀರೇಶ ಮೊಣಕೈಗೆ ಪಟ್ಟಿ ಕಟ್ಟಿಕೊಂಡೇ ವಿಡಿಯೋ ಮಾಡಿ ಗೇಮು ಮಾಡಿದವರಿಗೂ ಬೈದ, ಅಣ್ಣನಿಗೂ ಬೈದ. ಹಬ್ಬ ಮುಗಿದು ಎಂಟು ದಿನಕ್ಕೆ ನೇತ್ರಾ ಫೋನು ಮಾಡಿದಳು. ನಾನು ಸ್ಪೀಕರ್ ಹಾಕಿ ಅಣ್ಣನ ಮುಂದೆ ಹಿಡಿದೆ.

“ಕಾಕಾ, ನೀವು ನನಗ ಸುಳ್ಳ ಹೇಳಿದ್ರೇನ್ರಿ?” ಎಂದು ಶುರು ಮಾಡಿದಳು. “ಹೊಸಾ ಅಪ್‌ಡೇಟ್ ಬಿಡಬೇಕಾಗೇತ್ರಿ. ಖರೆ ಹೇಳ್ರಿ, ಅದು ಎಡಕ್ಕ ಹೊಳ್ಳತೈತೋ ಬಲಕ್ಕ ಹೊಳ್ಳತೈತೋ? ಯಾವದನ್ನ ಹಾಕಲಿ?”

ಅಣ್ಣ ಫೋನನ್ನು ನನ್ನ ಕೈಯಿಂದ ತಗೊಂಡು ಬಾಯಿಯ ಹತ್ತಿರ ಹಿಡಿದ.

“ನಾ ಸುಳ್ಳ ಹೇಳಿಲ್ಲವಾ. ಎಡಕ್ಕನ ಇರಲಿ,” ಎಂದ ಅಣ್ಣ. “ಆದ್ರ ಅದು ನೋಡೂ ಜಾಗಾದಾಗ ನೀ ಯಾರನ್ನೂ ನಿಂದರಸಿಲ್ಲ. ಎಷ್ಟ ಮಂದಿ ಆಡಾಕತ್ತಾರೋ ಅಷ್ಟ ಸಲ ಅದು ಹೊಳ್ಳಿ ನೋಡತೈತಿ, ಯಾರೂ ಕಾಣೂದಿಲ್ಲ ಅದಕ್ಕ. ಅಲ್ಲಿ ನನ್ನ ನಿಂದರಸವಾ. ಹೆಗಲ ಮ್ಯಾಲ ಕೆಂಪ ಟವೆಲ್ ಹಾಕು.”